ನೆಲ್ಸನ್ ಮಂಡೇಲಾ: ಪದೇ ಪದೇ ಕೇಳುವ ಪ್ರಶ್ನೆಗಳು, ಒಬ್ಬ ಟೀಚರ್ ಕೊಟ್ಟ ಉತ್ತರಗಳು

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ನನಗೆ ಪ್ರತಿ ವರ್ಷ ಜುಲೈ 18 ಹತ್ತಿರ ಬಂದಾಗ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟ ಮಕ್ಕಳು ಕೇಳುತ್ತಾರೆ. ಅವರಿಗೆ ಭಾಷಣ ಬರೆದುಕೊಡುವ ಅಪ್ಪ ಅಮ್ಮಂದಿರು ಫೋನ್ ಮಾಡಿ ಕೇಳುತ್ತಾರೆ. ಬಹುತೇಕ ಭಾಷಣಗಳಲ್ಲಿ ಮಂಡೇಲಾ ಅಂದರೆ ಇಪ್ಪತ್ತೇಳು ವರ್ಷ ಜೈಲಿನಲ್ಲಿದ್ದು, ನಗುನಗುತ್ತಾ ಹೊರಗೆ ಬಂದು, ಎಲ್ಲರನ್ನೂ ಕ್ಷಮಿಸಿಬಿಟ್ಟ ಬಿಳಿಗೂದಲಿನ ತಾತ. ತಾತ ಹೌದು, ಆದರೆ ಪಕ್ಕಾ ರಾಜಕಾರಣಿ ತಾತ. ಎದುರಾಳಿಯ ಬಗ್ಗೆ ಹೋಂವರ್ಕ್ ಮಾಡದೆ ಯಾವ ಕೋಣೆಗೂ ಕಾಲಿಡದವರು. ಅವರನ್ನು ಆ ಕಡೆಯಿಂದಲೂ ಮಕ್ಕಳು ನೋಡಲಿ ಅಂತ ಈ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ನೆಲ್ಸನ್ ಅನ್ನುವುದು ಅವರ ನಿಜವಾದ ಹೆಸರೇ?

ಅಲ್ಲ. 1918ರ ಜುಲೈ 18ರಂದು ದಕ್ಷಿಣ ಆಫ್ರಿಕದ ಟ್ರಾನ್ಸ್‌ಕೈ ಪ್ರದೇಶದ ಮ್ವೆಜೊ ಎಂಬ ಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಅಪ್ಪ ಇಟ್ಟ ಹೆಸರು ರೊಲಿಹ್ಲಾಹ್ಲಾ. ಅವರ ತಾಯ್ನುಡಿ ಖೋಸಾದಲ್ಲಿ ಇದರ ಅಕ್ಷರಾರ್ಥ ಮರದ ಕೊಂಬೆ ಜಗ್ಗುವವನು. ಆಡುಮಾತಿನಲ್ಲಿ ಹೇಳುವುದಾದರೆ ಕಿತಾಪತಿ ಹುಡುಗ. ಈ ಅರ್ಥ ಹೇಳಿದ ದಿನ ನನ್ನ ಕ್ಲಾಸಿನ ಹಿಂದಿನ ಬೆಂಚಿಗೆ ಮಂಡೇಲಾ ಮೇಲೆ ಇದ್ದಕ್ಕಿದ್ದಂತೆ ಅಭಿಮಾನ ಉಕ್ಕಿತು.

ನೆಲ್ಸನ್ ಎಂಬುದು ಶಾಲೆಗೆ ಸೇರಿದ ಮೊದಲ ದಿನ ಟೀಚರ್ ಮಿಸ್ ಮ್ಡಿಂಗಾನೆ ಕೊಟ್ಟ ಹೆಸರು. ಮಕ್ಕಳಿಗೆ ಒಂದೊಂದು ಇಂಗ್ಲಿಷ್ ಹೆಸರು ಅಂಟಿಸುವುದು ಅಲ್ಲಿನ ಶಾಲೆಗಳ ವಾಡಿಕೆಯಾಗಿತ್ತು. ಮಡಿಬಾ ಎಂಬುದು ಕುಲದ ಹೆಸರು. ಅಲ್ಲಿನ ಜನ ಪ್ರೀತಿ, ಗೌರವ ಎರಡನ್ನೂ ಸೇರಿಸಿ ಹಾಗೆ ಕರೆಯುತ್ತಾರೆ.

ಆ ಮೊದಲ ದಿನದ ಇನ್ನೊಂದು ಸಂಗತಿ ಹೇಳಬೇಕು. ಅಲ್ಲಿಯವರೆಗೆ ಆ ಹುಡುಗ ಕಂಬಳಿಯಂಥ ಬಟ್ಟೆ ಹೊದ್ದು ಓಡಾಡಿದವನು. ಶಾಲೆಗೆ ಹೋಗಬೇಕಲ್ಲ ಅಂತ ಅಪ್ಪ ತಮ್ಮದೇ ಒಂದು ಪ್ಯಾಂಟನ್ನು ಮೊಣಕಾಲಿನ ಮಟ್ಟಕ್ಕೆ ಕತ್ತರಿಸಿ, ಸೊಂಟಕ್ಕೆ ದಾರ ಬಿಗಿದು ಕಳಿಸಿದರು. ಈ ಪ್ಯಾಂಟು ನೆನಪಿರಲಿ, ಜೈಲಿನ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಅವರು ರಾಜಕುಮಾರರಾಗಿದ್ದರಂತೆ, ನಿಜವೇ?

ಅರ್ಧ ನಿಜ. ತೆಂಬು ರಾಜಮನೆತನದ ಕವಲೊಂದಕ್ಕೆ ಸೇರಿದವರು, ಆದರೆ ಪಟ್ಟಕ್ಕೆ ಬರುವ ಕವಲಲ್ಲ. ರಾಜರಿಗೆ ಸಲಹೆ ಹೇಳುವುದು ಆ ಮನೆಯವರ ಕೆಲಸ. ಅಪ್ಪ ತೀರಿಕೊಂಡ ಮೇಲೆ ರಾಜಪ್ರತಿನಿಧಿ ಜೊಂಗಿಂತಾಬಾ ಹುಡುಗನನ್ನು ತಮ್ಮ ಮನೆಯಲ್ಲೇ ಬೆಳೆಸಿದರು. ಅಲ್ಲಿ ನಡೆಯುತ್ತಿದ್ದ ಪಂಚಾಯಿತಿಗಳಲ್ಲಿ ಬಂದವರೆಲ್ಲ ಮಾತಾಡಿ ಮುಗಿಸುವವರೆಗೆ ಯಜಮಾನ ಬಾಯಿ ಬಿಡುತ್ತಿರಲಿಲ್ಲ. ಟೀಕೆಯನ್ನೂ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಈ ಪಾಠ ಮಂಡೇಲಾಗೆ ಕೊನೆಯವರೆಗೂ ಉಳಿಯಿತು.

ಆಮೇಲೆ ಅದೇ ಯಜಮಾನರು ಮದುವೆ ಗೊತ್ತು ಮಾಡಿದಾಗ, 1941ರಲ್ಲಿ, ಅವರ ಮಗನ ಜೊತೆ ಸೇರಿಕೊಂಡು ಅವರದೇ ಎರಡು ಎತ್ತುಗಳನ್ನು ಮಾರಿ, ಆ ದುಡ್ಡಿನಲ್ಲಿ ಜೋಹಾನ್ಸ್‌ಬರ್ಗಿಗೆ ಪರಾರಿ. ಹೆಸರಿಗೆ ತಕ್ಕ ಹುಡುಗ.

ವರ್ಣಭೇದ ನೀತಿ ಅಂದರೆ ನಮ್ಮಲ್ಲಿನ ಜಾತಿಭೇದದ ಹಾಗೆಯೇ?

ಕನ್ನಡದಲ್ಲಿ ಈ ಗೊಂದಲ ಸಹಜ. ವರ್ಣ ಅಂದರೆ ಬಣ್ಣವೂ ಹೌದು, ಚಾತುರ್ವರ್ಣದ ವರ್ಣವೂ ಹೌದು. ಒಮ್ಮೆ ಉತ್ತರ ಪತ್ರಿಕೆಯೊಂದರಲ್ಲಿ ಮಂಡೇಲಾ ಅಸ್ಪೃಶ್ಯತೆ ವಿರುದ್ಧ ಹೋರಾಡಿದರು ಅಂತ ಓದಿದ್ದೇನೆ. ತಪ್ಪು ಅಂತ ಗುರುತು ಹಾಕುವಾಗ ಕೈ ಸ್ವಲ್ಪ ತಡೆಯಿತು, ಅದೂ ನಿಜ. ಬೇರೆ ಬಾವಿ, ಬೇರೆ ಬೀದಿ, ಬೇರೆ ಲೋಟ ಕಂಡ ಊರಿನ ಮಗುವಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ಅಲ್ಲಿನದು ಸರ್ಕಾರವೇ ಕಾಯ್ದೆ ಮಾಡಿ, ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಿ, ಪೊಲೀಸರನ್ನಿಟ್ಟು ನಡೆಸಿದ ವ್ಯವಸ್ಥೆ. ಅವರ ಮಾತಿನಲ್ಲಿ ಅಪಾರ್ಥೈಡ್, ಅಂದರೆ ಪ್ರತ್ಯೇಕತೆ. 1948ರಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದ ಮೇಲೆ ಕಾಯ್ದೆಗಳ ಸಾಲೇ ಹೊರಟಿತು. 1949ರಲ್ಲಿ ಬಿಳಿಯರು ಬೇರೆಯವರನ್ನು ಮದುವೆಯಾಗುವುದು ನಿಷೇಧ. 1950ರಲ್ಲಿ ಪ್ರತಿಯೊಬ್ಬರನ್ನೂ ಜನಾಂಗದ ಲೆಕ್ಕದಲ್ಲಿ ನೋಂದಾಯಿಸುವ ಕಾಯ್ದೆ, ಜೊತೆಗೆ ಯಾರು ಯಾವ ಬಡಾವಣೆಯಲ್ಲಿ ವಾಸ ಮಾಡಬೇಕು ಅನ್ನುವ ಕಾಯ್ದೆ. 1953ರಲ್ಲಿ ಕಪ್ಪು ಮಕ್ಕಳಿಗೆ ಕೂಲಿ ಕೆಲಸಕ್ಕೆ ಬೇಕಾಗುವಷ್ಟೇ ಕಲಿಸುವ ಶಿಕ್ಷಣ ಕಾಯ್ದೆ.

ಯಾವ ಜನಾಂಗ ಅಂತ ಅನುಮಾನ ಬಂದರೆ ಏನು ಮಾಡುತ್ತಿದ್ದರು ಗೊತ್ತೇ? ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಜಾರಿ ಬಿದ್ದರೆ ಒಂದು ವರ್ಗ, ಗುಂಗುರು ಕೂದಲಲ್ಲಿ ಸಿಕ್ಕಿಕೊಂಡರೆ ಇನ್ನೊಂದು. ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ಜನಾಂಗವಾದದ್ದುಂಟು.

ಇದಕ್ಕಿಂತ ಹಳೆಯದು ಜಮೀನಿನ ಕಾಯ್ದೆ. 1913ರಲ್ಲಿ ಬಹುಸಂಖ್ಯಾತ ಕಪ್ಪು ಜನರಿಗೆ ಬಿಟ್ಟದ್ದು ದೇಶದ ನೆಲದಲ್ಲಿ ಶೇಕಡಾ 7ರಷ್ಟು, 1936ರಲ್ಲಿ ಅದನ್ನು ಹೆಚ್ಚಿಸಿದರೂ ಸುಮಾರು 13. ಇನ್ನು ಪಾಸ್‌ಬುಕ್. ಕಪ್ಪು ಜನ ಇದನ್ನು ಸದಾ ಕಿಸೆಯಲ್ಲಿ ಇಟ್ಟುಕೊಂಡಿರಬೇಕು, ಪೊಲೀಸರು ಕೇಳಿದಾಗ ತೋರಿಸಬೇಕು. ಇಲ್ಲದಿದ್ದರೆ ನೇರ ಲಾಕಪ್ಪು. ಹುಟ್ಟಿದ ದೇಶದಲ್ಲೇ ವೀಸಾ ಇಟ್ಟುಕೊಂಡು ತಿರುಗಿದ ಹಾಗೆ.

ಅವರು ಹೋರಾಟಕ್ಕೆ ಬಂದದ್ದು ಹೇಗೆ?

ಒಂದೇ ಒಂದು ಘಟನೆಯಿಂದ ಅಲ್ಲ. ಮೊದಲು ಗಣಿಯಲ್ಲಿ ಕಾವಲುಗಾರ, ಆಮೇಲೆ ವಾಲ್ಟರ್ ಸಿಸುಲು ಅವರ ಪರಿಚಯ, ಅವರ ಮೂಲಕ ವಕೀಲರ ಕಚೇರಿಯಲ್ಲಿ ಗುಮಾಸ್ತಿಕೆ. 1912ರಲ್ಲೇ ಹುಟ್ಟಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ (ಎಎನ್‌ಸಿ) ಅರ್ಜಿ, ನಿಯೋಗ ಅಂತ ಮೆಲ್ಲಗೆ ಸಾಗುತ್ತಿತ್ತು. 1944ರಲ್ಲಿ ಸಿಸುಲು, ಆಲಿವರ್ ಟಾಂಬೊ ಮೊದಲಾದವರ ಜೊತೆ ಅದರ ಯುವ ಘಟಕ ಕಟ್ಟಿದರು. 1952ರಲ್ಲಿ ಅನ್ಯಾಯದ ಕಾನೂನುಗಳನ್ನು ಬೇಕೆಂದೇ ಮುರಿಯುವ ಚಳವಳಿ ನಡೆದಾಗ ಮಂಡೇಲಾ ಅದರ ಸ್ವಯಂಸೇವಕರ ಮುಖ್ಯಸ್ಥ. 8,000ಕ್ಕೂ ಹೆಚ್ಚು ಜನ ಜೈಲಿಗೆ ಹೋದರು. ಬಿಳಿಯರಿಗೆ ಮಾತ್ರ ಅಂತ ಬೋರ್ಡಿದ್ದ ಬಾಗಿಲಿನಿಂದ ಒಳಗೆ ಹೋಗುವುದು, ರೈಲಿನ ಆ ಡಬ್ಬಿ ಹತ್ತುವುದು, ಇವೇ ಅಪರಾಧಗಳು.

ಅದೇ ವರ್ಷ ಟಾಂಬೊ ಜೊತೆ ಸೇರಿ ಜೋಹಾನ್ಸ್‌ಬರ್ಗಿನಲ್ಲಿ ವಕೀಲಿ ಕಚೇರಿ ತೆರೆದರು. ಬೆಳಗಾದರೆ ಮೆಟ್ಟಿಲ ಮೇಲೆಲ್ಲ ಕಕ್ಷಿದಾರರು. ಪಾಸ್‌ಬುಕ್ ಮನೆಯಲ್ಲಿ ಬಿಟ್ಟು ಬಂದವರು, ತಪ್ಪು ಬಾಗಿಲಿನಿಂದ ಒಳಗೆ ಹೋದವರು, ಅಜ್ಜನ ಕಾಲದ ಮನೆಯಿಂದ ಎತ್ತಂಗಡಿಯಾದವರು.

ಮಂಡೇಲಾ ಗಾಂಧಿ ಅನುಯಾಯಿಯೇ? ಭಾಷಣದಲ್ಲಿ "ಆಫ್ರಿಕದ ಗಾಂಧಿ" ಅನ್ನಬಹುದೇ?

ಅನ್ನಬಹುದು, ಆದರೆ ಜೊತೆಗೆ ಒಂದು ವಾಕ್ಯ ಸೇರಿಸಬೇಕು. ಗಾಂಧೀಜಿ 1893ರಿಂದ 1914ರವರೆಗೆ, ನಡುವೆ ಕೆಲವು ಸಲ ಬಂದು ಹೋದದ್ದು ಬಿಟ್ಟರೆ, ದಕ್ಷಿಣ ಆಫ್ರಿಕದಲ್ಲೇ ಇದ್ದರು. ಅವರು ಹಾಕಿಕೊಟ್ಟ ಸತ್ಯಾಗ್ರಹದ ದಾರಿಯಲ್ಲಿ 1946ರಲ್ಲಿ ಅಲ್ಲಿನ ಭಾರತೀಯರು ಜಮೀನಿನ ಕಾಯ್ದೆಯೊಂದರ ವಿರುದ್ಧ ಜೈಲು ತುಂಬಿದಾಗ ಯುವಕ ಮಂಡೇಲಾ ಹತ್ತಿರದಿಂದ ನೋಡಿದರು. ಡಾಕ್ಟರುಗಳು, ಗೃಹಿಣಿಯರು, ವ್ಯಾಪಾರಿಗಳು ಅಂಗಡಿ ಮನೆ ಬಿಟ್ಟು ಜೈಲಿಗೆ ಹೋಗುವುದನ್ನು ಕಂಡು, ಹೋರಾಟ ಬರೀ ಭಾಷಣವಲ್ಲ ಅಂತ ಅವರಿಗೆ ಅನ್ನಿಸಿತು.

ಸೇರಿಸಬೇಕಾದ ವಾಕ್ಯ ಇದು: ಗಾಂಧೀಜಿಗೆ ಅಹಿಂಸೆ ವ್ರತ, ಮಂಡೇಲಾಗೆ ಅದು ತಂತ್ರ. ಕೆಲಸ ಮಾಡುವಷ್ಟು ದಿನ ಬಳಸುವುದು, ಮಾಡದಿದ್ದರೆ ಬೇರೆ ದಾರಿ ಹುಡುಕುವುದು. ಇದನ್ನು ಅವರು ಯಾವತ್ತೂ ಮುಚ್ಚಿಡಲಿಲ್ಲ.

ಹಾಗಾದರೆ ಅವರು ಬಂದೂಕು ಹಿಡಿದರೇ? ಭಯೋತ್ಪಾದಕ ಅಂತ ಕರೆಯುತ್ತಿದ್ದರಂತಲ್ಲ?

1960ರ ಮಾರ್ಚ್ 21ರಂದು ಶಾರ್ಪ್‌ವಿಲ್ ಎಂಬಲ್ಲಿ ಪಾಸ್ ಕಾನೂನಿನ ವಿರುದ್ಧ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಮಂದಿ ಸತ್ತರು, ಎಷ್ಟೋ ಜನರಿಗೆ ಗುಂಡು ಬಿದ್ದದ್ದು ಬೆನ್ನಿಗೆ. ಮುಂದಿನ ತಿಂಗಳು ಸರ್ಕಾರ ಎಎನ್‌ಸಿಯನ್ನೇ ನಿಷೇಧಿಸಿತು. ಬಹಿರಂಗ ಸಭೆಗೂ ಅವಕಾಶವಿಲ್ಲ ಅಂದಮೇಲೆ, 1961ರ ಡಿಸೆಂಬರ್ 16ರಂದು ಉಮ್‌ಖೊಂಟೊ ವಿ ಸಿಜ್ವೆ, ಅಂದರೆ ದೇಶದ ಈಟಿ, ಎಂಬ ಸಶಸ್ತ್ರ ದಳ ಮೊದಲ ಬಾಂಬುಗಳನ್ನು ಸಿಡಿಸಿತು. ಮಂಡೇಲಾ ಅದರ ಮೊದಲ ಮುಖ್ಯಸ್ಥ. ವಿದ್ಯುತ್ ಕಂಬ, ಸರ್ಕಾರಿ ಕಚೇರಿಯಂಥವನ್ನು ಒಡೆಯಬೇಕು, ಜೀವ ತೆಗೆಯಬಾರದು ಅನ್ನುವುದು ಆಗಿನ ಕಟ್ಟುಪಾಡು. ಅವರು ಜೈಲಿನಲ್ಲಿದ್ದಾಗ ಅದು ಸಡಿಲವಾಯಿತು. 1983ರಲ್ಲಿ ಪ್ರಿಟೋರಿಯಾದ ಚರ್ಚ್ ಸ್ಟ್ರೀಟ್ ಸ್ಫೋಟದಲ್ಲಿ 19 ಜನ ಸತ್ತರು. ಇದನ್ನು ಬಿಟ್ಟು ಭಾಷಣ ಬರೆಯುವುದು ಸರಿಯಲ್ಲ.

ಭಯೋತ್ಪಾದಕ ಅನ್ನುವ ಮಾತಿಗೆ: ಅಮೆರಿಕದ ನಿಗಾ ಪಟ್ಟಿಯಿಂದ ಅವರ ಹೆಸರು ತೆಗೆದದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಅವರಿಗೆ ನೊಬೆಲ್ ಬಂದು ಹದಿನೈದು ವರ್ಷ.

ಸಿಕ್ಕಿಬಿದ್ದದ್ದು ಹೇಗೆ?

ಹದಿನೇಳು ತಿಂಗಳು ಪೊಲೀಸರ ಕಣ್ಣಿಗೆ ಮಣ್ಣೆರಚಿ ತಿರುಗಿದರು. ಕೆಲವೊಮ್ಮೆ ತೋಟದ ಮಾಲಿ, ಕೆಲವೊಮ್ಮೆ ಡ್ರೈವರ್. ನಡುವೆ ಕಳ್ಳದಾರಿಯಲ್ಲಿ ದೇಶ ಬಿಟ್ಟು ಆಫ್ರಿಕದ ಹಲವು ರಾಷ್ಟ್ರಗಳನ್ನು ಸುತ್ತಿ, ಇಥಿಯೋಪಿಯದಲ್ಲಿ ಶಸ್ತ್ರಾಭ್ಯಾಸ ಮಾಡಿ ಬಂದರು. 1962ರ ಆಗಸ್ಟ್ 5ರಂದು ಹೊವಿಕ್ ಎಂಬ ಊರಿನ ಹತ್ತಿರ ಕಾರು ತಡೆದ ಪೊಲೀಸರಿಗೆ "ನಾನು ಡೇವಿಡ್ ಮೊಟ್ಸಾಮಯಿ, ಡ್ರೈವರ್" ಅಂದರು. ಪೊಲೀಸರು ನಂಬಲಿಲ್ಲ.

ಮೊದಲು ಐದು ವರ್ಷದ ಶಿಕ್ಷೆ. 1963ರ ಜುಲೈನಲ್ಲಿ ರಿವೋನಿಯಾದ ಲಿಲೀಸ್‌ಲೀಫ್ ಎಂಬ ತೋಟದ ಮನೆ ಮೇಲೆ ದಾಳಿಯಾಗಿ ಸಂಗಾತಿಗಳೂ ದಾಖಲೆಗಳೂ ಸಿಕ್ಕಿಬಿದ್ದವು. ಜೈಲಿನಲ್ಲಿದ್ದ ಮಂಡೇಲಾರನ್ನು ಅಲ್ಲಿಂದ ಕರೆತಂದು ಮೊದಲನೇ ಆರೋಪಿ ಮಾಡಿದರು.

"ಸಾಯಲೂ ಸಿದ್ಧ" ಅನ್ನುವ ಮಾತು ಎಲ್ಲಿಯದು?

ಅದೇ ವಿಚಾರಣೆಯದು, 1964ರ ಏಪ್ರಿಲ್ 20. ಸಾಕ್ಷಿ ಕಟ್ಟೆ ಹತ್ತಿದ್ದರೆ ಪಾಟೀಸವಾಲಿಗೆ ಉತ್ತರ ಕೊಡಬೇಕಿತ್ತು, ಮಾತು ತುಂಡು ತುಂಡಾಗುತ್ತಿತ್ತು. ಅದಕ್ಕೇ ಆರೋಪಿಯ ಜಾಗದಲ್ಲೇ ನಿಂತು ಹೇಳಿಕೆ ಓದಿದರು, ಸುಮಾರು ಮೂರು ಗಂಟೆ. ಸಶಸ್ತ್ರ ದಳ ಕಟ್ಟಿದ್ದನ್ನು ಒಪ್ಪಿಕೊಂಡು ಕಾರಣ ಬಿಡಿಸಿ ಹೇಳಿದರು. ಬಿಳಿಯರ ದಬ್ಬಾಳಿಕೆಯ ವಿರುದ್ಧ ಹೋರಾಡಿದ್ದೇನೆ, ಕರಿಯರ ದಬ್ಬಾಳಿಕೆಯ ವಿರುದ್ಧವೂ ಹೋರಾಡಿದ್ದೇನೆ ಅಂದರು. ಕೊನೆಯ ಸಾಲು ನೋಡಿ ವಕೀಲರು ಗಾಬರಿಯಾಗಿದ್ದರು, ಇದು ನೇಣನ್ನು ಕೈ ಬೀಸಿ ಕರೆದ ಹಾಗೆ ಅಂತ. ಕೊನೆಗೆ "ಅಗತ್ಯ ಬಿದ್ದರೆ" ಅನ್ನುವ ಮಾತು ಸೇರಿಸಲು ಮಾತ್ರ ಮಂಡೇಲಾ ಒಪ್ಪಿದರು. ವೀರಾವೇಶದ ಸಾಲು ಅಂತ ಎಲ್ಲರೂ ಉರು ಹೊಡೆಯುವ ಆ ವಾಕ್ಯದಲ್ಲೂ ಒಬ್ಬ ವಕೀಲನ ಕೈ ಇದೆ.

ಜೂನ್ 12ರಂದು ಎಂಟು ಜನರಿಗೆ ಜೀವಾವಧಿ. ಅವರಲ್ಲಿ ಡೆನಿಸ್ ಗೋಲ್ಡ್‌ಬರ್ಗ್ ಬಿಳಿಯರಾದ್ದರಿಂದ ಅವರನ್ನು ಪ್ರಿಟೋರಿಯಾದ ಜೈಲಿಗೆ ಕಳಿಸಿದರು, ಉಳಿದವರನ್ನು ರಾಬೆನ್ ದ್ವೀಪದ ಜೈಲಿಗೆ. ಒಂದೇ ಅಪರಾಧ, ಜೈಲು ಮಾತ್ರ ಬಣ್ಣಕ್ಕೆ ತಕ್ಕಂತೆ.

ರಾಬೆನ್ ದ್ವೀಪದ ಜೈಲು ಹೇಗಿತ್ತು?

ಇದಕ್ಕೆ ನಾನು ಬಾಯಲ್ಲಿ ಉತ್ತರ ಕೊಡುವುದಿಲ್ಲ. ಕ್ಲಾಸಿನ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಎಂಟಡಿ ಉದ್ದ, ಏಳಡಿ ಅಗಲದ ಒಂದು ಚೌಕ ಬರೆಯುತ್ತೇನೆ. ಎಲ್ಲರಿಗಿಂತ ಎತ್ತರದ ಹುಡುಗನನ್ನು ಅದರಲ್ಲಿ ಮಲಗಿಸುತ್ತೇನೆ. ಮೂಲೆಗೆ ಒಂದು ಬಕೆಟ್ ಇಡುತ್ತೇನೆ, ಅದೇ ಶೌಚಾಲಯ ಅಂತ ಹೇಳಿದ ಕೂಡಲೇ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಹುಡುಗ ಒಂದು ನಿಮಿಷ ನಗುತ್ತಾನೆ, ಎರಡನೇ ನಿಮಿಷಕ್ಕೆ "ಮಿಸ್, ಏಳ್ಲಾ?" ಅನ್ನುತ್ತಾನೆ. ಮಂಡೇಲಾ ಆ ದ್ವೀಪದಲ್ಲಿ ಇದ್ದದ್ದು 18 ವರ್ಷ. ಶುರುವಿನ ವರ್ಷಗಳಲ್ಲಿ ಮಂಚವೂ ಇಲ್ಲ, ನೆಲದ ಮೇಲೆ ಚಾಪೆ.

ಈಗ ಆ ಪ್ಯಾಂಟಿನ ಮಾತು. ಆಫ್ರಿಕನ್ ಕೈದಿಗಳಿಗೆ ಚಳಿಗಾಲದಲ್ಲೂ ಚಡ್ಡಿ. ಅವರು ಎಷ್ಟು ವಯಸ್ಸಾದರೂ ಹುಡುಗರೇ ಅಂತ ನೆನಪಿಸುವುದಕ್ಕೆ. ಅವರ ಗುಂಪಿನಲ್ಲಿದ್ದ ಭಾರತೀಯ ಮೂಲದ ಅಹ್ಮದ್ ಕತ್ರಾಡಾ ಎಲ್ಲರಿಗಿಂತ ಕಿರಿಯರು, ಅವರಿಗೆ ಮಾತ್ರ ಉದ್ದ ಪ್ಯಾಂಟು. ಊಟದಲ್ಲೂ ಹಾಗೇ. ಭಾರತೀಯರಿಗೆ, ಮಿಶ್ರ ಜನಾಂಗದವರಿಗೆ ಬ್ರೆಡ್ಡು, ಆಫ್ರಿಕನ್ನರಿಗೆ ಬರೀ ಮೆಕ್ಕೆಜೋಳದ ಗಂಜಿ. ಮಂಡೇಲಾ ಚಡ್ಡಿಯ ಬಗ್ಗೆ ದೂರು ಕೊಟ್ಟ ಕೆಲವೇ ದಿನಗಳಲ್ಲಿ ಅವರ ಕೋಣೆಯಲ್ಲಿ ಹಳೆಯ ಉದ್ದ ಪ್ಯಾಂಟೊಂದು ಬಿದ್ದಿತ್ತು. ಹಾಕಿಕೊಳ್ಳುವ ಮುಂಚೆ ಬೇರೆಯವರಿಗೂ ಕೊಟ್ಟಿದ್ದಾರಾ ಅಂತ ವಿಚಾರಿಸಿದರು. ಇಲ್ಲ ಅಂತ ಗೊತ್ತಾದಾಗ, ವಾಪಸ್ ತೆಗೆದುಕೊಂಡು ಹೋಗಿ ಅಂದರು. ಎಲ್ಲರಿಗೂ ಪ್ಯಾಂಟು ಸಿಗಲು ವರ್ಷಗಳೇ ಹಿಡಿದವು.

ಹಗಲೆಲ್ಲ ಸುಣ್ಣದ ಕಲ್ಲಿನ ಕ್ವಾರಿಯಲ್ಲಿ ಕೆಲಸ. ಬಿಳಿ ಕಲ್ಲಿನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಕಪ್ಪು ಕನ್ನಡಕ ಕೇಳಿದರೆ ಕೊಡಲಿಲ್ಲ, ಕೊಡುವ ಹೊತ್ತಿಗೆ ಕಣ್ಣು ಹಾಳಾಗಿತ್ತು. ಮುಂದೆ ಅವರು ಅಧ್ಯಕ್ಷರಾದಾಗಲೂ ಫ್ಲ್ಯಾಶ್ ಹಾಕಬೇಡಿ ಅಂತ ಫೋಟೋಗ್ರಾಫರುಗಳಿಗೆ ಹೇಳುತ್ತಿದ್ದದ್ದು ಇದಕ್ಕೇ. ಮೊದಮೊದಲು ಆರು ತಿಂಗಳಿಗೆ ಒಂದು ಪತ್ರ, ಒಂದು ಭೇಟಿ. 1968ರಲ್ಲಿ ತಾಯಿ ತೀರಿಕೊಂಡರು, ಮರುವರ್ಷ ಹಿರಿಯ ಮಗ ತೆಂಬಿ ಅಪಘಾತದಲ್ಲಿ ಹೋದ. ಎರಡು ಸಲವೂ ಮಣ್ಣಿಗೆ ಹೋಗಲು ಬಿಡಲಿಲ್ಲ.

ಒಂದು ಪುಸ್ತಕದ ಕತೆಯೂ ಇದೆ. ಡರ್ಬನ್ನಿನ ಸನ್ನಿ ವೆಂಕಟರತ್ನಂ ಎಂಬ ಕೈದಿ ಶೇಕ್ಸ್‌ಪಿಯರನ ಸಮಗ್ರ ನಾಟಕಗಳ ಪುಸ್ತಕಕ್ಕೆ ದೇವರ ಚಿತ್ರಗಳಿದ್ದ ದೀಪಾವಳಿ ಕಾರ್ಡುಗಳನ್ನು ಅಂಟಿಸಿ, ಇದು ನಮ್ಮ ಧರ್ಮಗ್ರಂಥ ಅಂತ ಹೇಳಿ ಕಾವಲುಗಾರರನ್ನು ಯಾಮಾರಿಸಿದ್ದರು. ಆ ಪುಸ್ತಕ ಕೈಯಿಂದ ಕೈಗೆ ದಾಟಿತು. ಇಷ್ಟವಾದ ಭಾಗದ ಪಕ್ಕ ಒಬ್ಬೊಬ್ಬರೂ ಸಹಿ ಹಾಕಿದರು. ಮಂಡೇಲಾ ಸಹಿ ಇರುವುದು ಜೂಲಿಯಸ್ ಸೀಸರ್ ನಾಟಕದಲ್ಲಿ, ಹೇಡಿಗಳು ಸಾವಿಗೆ ಮುಂಚೆ ಎಷ್ಟೋ ಸಲ ಸಾಯುತ್ತಾರೆ ಅನ್ನುವ ಮಾತಿನ ಪಕ್ಕ. ತಾರೀಖು 1977ರ ಡಿಸೆಂಬರ್ 16. ಸಶಸ್ತ್ರ ದಳ ಶುರುವಾದ ದಿನವೇ ಅದು, ಗಮನಿಸಿ.

ಅವರು ಜೈಲಿನಲ್ಲೇ ಸತ್ತರು ಅಂತ ನನಗೆ ನೆನಪು…

ಇಲ್ಲ. 2013ರ ಡಿಸೆಂಬರ್ 5ರಂದು ಜೋಹಾನ್ಸ್‌ಬರ್ಗಿನ ಮನೆಯಲ್ಲಿ ತೀರಿಕೊಂಡರು, 95 ವರ್ಷ. ನಿಮ್ಮಂತೆಯೇ ತಪ್ಪು ನೆನಪಿಟ್ಟುಕೊಂಡವರು ಪ್ರಪಂಚದ ತುಂಬ ಇದ್ದು, ಇಂಥ ಸಾಮೂಹಿಕ ತಪ್ಪು ನೆನಪಿಗೆ ಮಂಡೇಲಾ ಎಫೆಕ್ಟ್ ಅಂತಲೇ ಹೆಸರು ಬಿದ್ದಿದೆ. ಪೊಲೀಸರ ವಶದಲ್ಲಿದ್ದಾಗ ಸತ್ತದ್ದು ಇನ್ನೊಬ್ಬ ನಾಯಕ ಸ್ಟೀವ್ ಬಿಕೊ, 1977ರಲ್ಲಿ, 30ನೇ ವಯಸ್ಸಿಗೆ.

46664 ಅಂದರೆ?

ಮಂಡೇಲಾ ಅವರ ಕೈದಿ ನಂಬರು. 1964ರಲ್ಲಿ ರಾಬೆನ್ ದ್ವೀಪದ ಜೈಲಿಗೆ ಬಂದ 466ನೇ ಕೈದಿ ಅಂತ.

ಜೈಲಿನಲ್ಲಿ ಕೂತು ಶತ್ರುಗಳ ಭಾಷೆ ಕಲಿತರಂತೆ, ಯಾಕೆ?

ನನ್ನ ಪ್ರಕಾರ ಇಡೀ ಮಂಡೇಲಾ ಇರುವುದೇ ಈ ಪ್ರಶ್ನೆಯಲ್ಲಿ. ಆಫ್ರಿಕಾನ್ಸ್ ಎಂಬುದು ಡಚ್ ಮೂಲದ ಬಿಳಿಯರ ನುಡಿ. ಕಾವಲುಗಾರನಿಂದ ಅಧ್ಯಕ್ಷನವರೆಗೆ ಎಲ್ಲರದೂ ಅದೇ. ಕಪ್ಪು ಜನರಿಗೆ ಅದು ಪೊಲೀಸರು ಬೈಯುವ ಭಾಷೆ. 1976ರಲ್ಲಿ ಸೊವೆಟೊದ ಮಕ್ಕಳು ಪಾಠವನ್ನು ಆ ಭಾಷೆಯಲ್ಲಿ ಓದುವುದಿಲ್ಲ ಅಂತ ಬೀದಿಗಿಳಿದು ಗುಂಡು ತಿಂದರು. ಅಂಥ ಭಾಷೆಯನ್ನು ಮಂಡೇಲಾ ವ್ಯಾಕರಣ ಸಮೇತ ಕಲಿತರು. ಜೊತೆಗೆ ಅವರ ಇತಿಹಾಸ, ಅವರ ಕವಿಗಳು, ಅವರ ರಗ್ಬಿ. ಜೊತೆಯ ಕೈದಿಗಳಲ್ಲಿ ಮೂಗು ಮುರಿದವರಿದ್ದರು. ಇವರ ಲೆಕ್ಕ ಸರಳ: ಒಂದಲ್ಲ ಒಂದು ದಿನ ಈ ಜನರ ಎದುರು ಮೇಜಿನ ಆಚೆ ಕೂರಬೇಕು, ಆವತ್ತು ಅವರಿಗೆ ಯಾವುದರ ಭಯ, ಯಾವುದರ ಹೆಮ್ಮೆ ಅಂತ ಗೊತ್ತಿರಬೇಕು.

ಆ ದಿನ ಬಂತು. 1982ರಲ್ಲಿ ದ್ವೀಪದಿಂದ ಪೊಲ್ಸ್‌ಮೂರ್ ಜೈಲಿಗೆ ವರ್ಗಾಯಿಸಿದರು. ಹಿಂಸೆಯನ್ನು ತ್ಯಜಿಸಿದರೆ ಬಿಡುಗಡೆ ಅಂತ 1985ರಲ್ಲಿ ಅಧ್ಯಕ್ಷ ಪಿ. ಡಬ್ಲ್ಯು. ಬೋಥಾ ಆಮಿಷ ಒಡ್ಡಿದಾಗ ಬೇಡ ಅಂದರು. ಅವರ ಉತ್ತರವನ್ನು ಮಗಳು ಜಿಂಜಿ ಸೊವೆಟೊದ ಕ್ರೀಡಾಂಗಣದಲ್ಲಿ ಓದಿ ಹೇಳಿದಳು. ಆದರೆ ಅದೇ ವರ್ಷದಿಂದ ಸರ್ಕಾರದ ಜೊತೆ ಗುಟ್ಟಾಗಿ ಮಾತುಕತೆಯನ್ನೂ ಶುರು ಮಾಡಿದರು, ಪಕ್ಷದ ಅಪ್ಪಣೆಗೆ ಕಾಯದೆ. ಮಾರಿಕೊಂಡುಬಿಟ್ಟರು ಅಂತ ಸ್ವಂತ ಜನರೇ ಅನುಮಾನಪಟ್ಟರು. ಅನುಮಾನ ತಪ್ಪೇನಲ್ಲ, ಇಂಥ ಮಾತುಕತೆಗಳಲ್ಲಿ ಮಾರಿಹೋದವರೂ ಇತಿಹಾಸದಲ್ಲಿ ಇದ್ದಾರಲ್ಲ.

1989ರ ಜುಲೈ 5ರಂದು ಬೋಥಾ ತಮ್ಮ ಕಚೇರಿಗೆ ಚಹಾಕ್ಕೆ ಕರೆದರು, ಕೈದಿಯನ್ನು. ಹೊಸ ಸೂಟು ಹೊಲಿಸಿದ್ದರು. ಎಷ್ಟೋ ವರ್ಷಗಳಿಂದ ಟೈ ಕಟ್ಟದ ಕೈಗೆ ಗಂಟು ಬರಲಿಲ್ಲ, ಜೈಲಿನ ಅಧಿಕಾರಿ ಕಟ್ಟಿಕೊಟ್ಟರು. ಬಾಗಿಲ ಬಳಿ ಶೂ ಲೇಸ್ ಸರಿಯಾಗಿಲ್ಲದ್ದನ್ನು ಕಂಡ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ನೀಲ್ ಬರ್ನಾರ್ಡ್ ತಟ್ಟನೆ ಮಂಡಿಯೂರಿ ಬಿಗಿದುಕೊಟ್ಟರು. ಒಳಗೆ ಹೋಗಿ ಮಂಡೇಲಾ ತೆಗೆದ ವಿಷಯ ಯಾವುದು? 1914ರಲ್ಲಿ ಬೋಥಾ ಅವರ ಜನರೇ ಸರ್ಕಾರದ ವಿರುದ್ಧ ಎದ್ದ ದಂಗೆ. ನಿಮ್ಮವರೂ ಹೀಗೇ ಬಂಡೆದ್ದಿದ್ದರು, ನಮ್ಮದೂ ಅಂಥದ್ದೇ ಅಂತ. ಹೋಂವರ್ಕ್ ಅಂದೆನಲ್ಲ, ಅದು ಇದು.

ಬಿಡುಗಡೆಯ ದಿನ ಏನಾಯಿತು?

1990ರ ಫೆಬ್ರುವರಿ 2ರಂದು ಹೊಸ ಅಧ್ಯಕ್ಷ ಎಫ್. ಡಬ್ಲ್ಯು. ಡಿ ಕ್ಲರ್ಕ್ ಎಎನ್‌ಸಿ ಮೇಲಿನ ನಿಷೇಧ ತೆಗೆದರು. 11ರಂದು ಮಂಡೇಲಾ ವಿಕ್ಟರ್ ವರ್ಸ್ಟರ್ ಜೈಲಿನಿಂದ ನಡೆದುಕೊಂಡೇ ಹೊರಗೆ ಬಂದರು. ಟಿವಿಯವರು ಮುಖಕ್ಕೆ ಹಿಡಿದ ಉದ್ದನೆಯ ರೋಮದ ಮೈಕು ನೋಡಿ ಯಾವುದೋ ಹೊಸ ಆಯುಧ ಅಂತ ಹಿಂದೆ ಸರಿದರಂತೆ, ಪಕ್ಕದಲ್ಲಿದ್ದ ಹೆಂಡತಿ ವಿನ್ನಿ ಅದು ಮೈಕು ಅಂತ ಹೇಳಬೇಕಾಯಿತು. ಸಂಜೆ ಕೇಪ್‌ಟೌನಿನಲ್ಲಿ ಭಾಷಣಕ್ಕೆ ನಿಂತಾಗ ಕನ್ನಡಕವನ್ನು ಜೈಲಿನಲ್ಲೇ ಮರೆತದ್ದು ಗೊತ್ತಾಯಿತು. ಪ್ರಪಂಚವೇ ಕಾಯುತ್ತಿದ್ದ ಆ ಭಾಷಣ ಓದಿದ್ದು ವಿನ್ನಿಯ ಕನ್ನಡಕದಲ್ಲಿ.

ಬಿಡುಗಡೆಯಾದ ಮೇಲೆ ಎಲ್ಲ ಶಾಂತವಾಗಿ ನಡೆಯಿತೇ?

ಎಲ್ಲಿಯ ಶಾಂತಿ. 1990ರಿಂದ 94ರ ನಡುವಿನ ರಾಜಕೀಯ ಹಿಂಸೆಯಲ್ಲಿ ಸಾವಿರಾರು ಜನ ಸತ್ತರು. 1993ರ ಏಪ್ರಿಲ್ 10ರಂದು ಯುವಕರ ಕಣ್ಮಣಿಯಾಗಿದ್ದ ಹೋರಾಟದ ನಾಯಕ ಕ್ರಿಸ್ ಹಾನಿಯನ್ನು ಪೋಲೆಂಡಿನಿಂದ ವಲಸೆ ಬಂದ ಬಿಳಿಯನೊಬ್ಬ ಮನೆಯ ಮುಂದೆಯೇ ಗುಂಡಿಟ್ಟು ಕೊಂದ. ದೇಶ ಹೊತ್ತಿ ಉರಿಯುವುದೊಂದೇ ಬಾಕಿ. ಡಿ ಕ್ಲರ್ಕ್ ಅಧ್ಯಕ್ಷರಾಗಿದ್ದರೂ ಟಿವಿಯಲ್ಲಿ ಜನರನ್ನು ಸಮಾಧಾನ ಮಾಡಿದ್ದು ಮಂಡೇಲಾ. ಕೊಂದವನು ಬಿಳಿಯ, ಆದರೆ ಕಾರಿನ ನಂಬರ್ ಗುರುತಿಟ್ಟು ಅವನನ್ನು ಹಿಡಿಸಿಕೊಟ್ಟವಳೂ ಬಿಳಿಯ ಹೆಂಗಸೇ ಅಂತ ನೆನಪಿಸಿದರು. ನಿಜವಾಗಿ ಅಧಿಕಾರ ಕೈ ಬದಲಾಯಿಸಿದ್ದು ಆ ರಾತ್ರಿ ಅಂತ ಹೇಳುವವರಿದ್ದಾರೆ, ನಾನೂ ಒಪ್ಪುತ್ತೇನೆ. ಸಂಧಾನದ ಮೇಜಿನಲ್ಲಿ ಇದೇ ಸಿಟ್ಟನ್ನು ಮುಂದಿಟ್ಟು ಚುನಾವಣೆಗೆ ತಾರೀಖು ಗೊತ್ತು ಮಾಡಿಸಿದರು.

1994ರ ಏಪ್ರಿಲ್ 27ರಂದು 75ರ ಮಂಡೇಲಾ ಜೀವನದಲ್ಲಿ ಮೊದಲ ಸಲ ವೋಟು ಹಾಕಿದರು, ಡರ್ಬನ್ ಹತ್ತಿರ ಇನಾಂಡದ ಓಹ್ಲಾಂಗೆ ಶಾಲೆಯಲ್ಲಿ. ಎಎನ್‌ಸಿಯ ಮೊದಲ ಅಧ್ಯಕ್ಷ ಜಾನ್ ಡ್ಯೂಬೆ ಅವರ ಸಮಾಧಿ ಇರುವುದು ಅಲ್ಲೇ. ಗಾಂಧೀಜಿಯ ಫೀನಿಕ್ಸ್ ಆಶ್ರಮವೂ ಅಲ್ಲಿಂದ ಹತ್ತಿರ. ಪಕ್ಷಕ್ಕೆ ಶೇಕಡಾ 62ಕ್ಕೂ ಹೆಚ್ಚು ಮತ, 400ರಲ್ಲಿ 252 ಸ್ಥಾನ. ಮೇ 10ರಂದು ಪ್ರಮಾಣವಚನ.

ನೊಬೆಲ್ ಶಾಂತಿ ಪ್ರಶಸ್ತಿಯನ್ನು ಡಿ ಕ್ಲರ್ಕ್ ಜೊತೆ ಹಂಚಿಕೊಂಡದ್ದು ಯಾಕೆ?

1993ರಲ್ಲಿ ಸಮಿತಿ ಇಬ್ಬರಿಗೂ ಕೊಟ್ಟಿತು. ಇಬ್ಬರ ನಡುವೆ ಪ್ರೀತಿ ಏನೂ ಹರಿಯುತ್ತಿರಲಿಲ್ಲ, ಬಹಿರಂಗವಾಗಿಯೇ ಜಗಳವಾಡಿದ್ದರು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಗತಿಯಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ರಗ್ಬಿ ಜರ್ಸಿ ಹಾಕಿಕೊಂಡ ಫೋಟೋದ ಕತೆ ಏನು?

ಸ್ಪ್ರಿಂಗ್‌ಬಾಕ್ ಅನ್ನುವುದು ಅಲ್ಲಿನ ಜಿಂಕೆ, ರಗ್ಬಿ ತಂಡದ ಲಾಂಛನ. ಕಪ್ಪು ಜನರಿಗೆ ಅದು ದಬ್ಬಾಳಿಕೆಯ ಗುರುತು. ಪಂದ್ಯಗಳಲ್ಲಿ ಅವರು ಎದುರು ತಂಡಕ್ಕೇ ಚಪ್ಪಾಳೆ ತಟ್ಟುತ್ತಿದ್ದರು. ಲಾಂಛನ ಕಿತ್ತುಹಾಕಿ ಅಂತ ಕೂಗೆದ್ದಾಗ ಮಂಡೇಲಾ ಬೇಡ ಅಂದರು. 1995ರ ಜೂನ್ 24ರ ವಿಶ್ವಕಪ್ ಫೈನಲ್ ದಿನ ನಾಯಕ ಫ್ರಾಂಸ್ವಾ ಪಿನಾರ್‌ನ 6ನೇ ನಂಬರಿನ ಹಸಿರು ಜರ್ಸಿ ತೊಟ್ಟು ಮೈದಾನಕ್ಕೆ ಇಳಿದರು. ಬಹುತೇಕ ಬಿಳಿಯರೇ ತುಂಬಿದ್ದ ಕ್ರೀಡಾಂಗಣ "ನೆಲ್ಸನ್, ನೆಲ್ಸನ್" ಅಂತ ಕೂಗಿತು. ನ್ಯೂಜಿಲೆಂಡ್ ವಿರುದ್ಧ 15–12ರ ಗೆಲುವು. ಅಪ್ಪಟ ರಾಜಕೀಯ ಅದು. ಸೈನ್ಯ, ಪೊಲೀಸು, ಬ್ಯಾಂಕು ಇನ್ನೂ ಬಿಳಿಯರ ಕೈಯಲ್ಲಿದ್ದಾಗ ಒಂದು ಜರ್ಸಿಯಿಂದ ಎಷ್ಟು ಭಯ ಇಳಿಸಬಹುದು ಅಂತ ಅವರು ಲೆಕ್ಕ ಹಾಕಿದ್ದರು.

ಎಲ್ಲರನ್ನೂ ಕ್ಷಮಿಸಿದ್ದು ಸರಿಯೇ?

ಎಲ್ಲರನ್ನೂ ಕ್ಷಮಿಸಲಿಲ್ಲ, ಅದು ವಾಟ್ಸಾಪಿನ ಮಾತು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ನೇತೃತ್ವದ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಿಂದ ಬಹಿರಂಗ ವಿಚಾರಣೆ ನಡೆಸಿತು. ರಾಜಕೀಯ ಕಾರಣಕ್ಕೆ ಮಾಡಿದ ಅಪರಾಧವನ್ನು ಪೂರ್ತಿ ಒಪ್ಪಿ ಹೇಳಿದರೆ ಮಾತ್ರ ಕ್ಷಮಾದಾನ. 7,000ಕ್ಕೂ ಹೆಚ್ಚು ಅರ್ಜಿ ಬಂದವು, ಸಿಕ್ಕಿದ್ದು 849 ಜನರಿಗೆ. ಸ್ಟೀವ್ ಬಿಕೊ ಸಾವಿಗೆ ಕಾರಣರಾದ ಪೊಲೀಸರಿಗೆ ಸಿಗಲಿಲ್ಲ. ಎಎನ್‌ಸಿಯ ತಪ್ಪುಗಳನ್ನೂ ವರದಿ ಎತ್ತಿ ಹೇಳಿತು. ಪಕ್ಷ ಅದನ್ನು ತಡೆಯಲು ಕೋರ್ಟಿಗೆ ಹೋದಾಗ ಮಂಡೇಲಾ ವರದಿಯನ್ನು ಸ್ವೀಕರಿಸಿದರು.

ನ್ಯಾಯ ಸಿಕ್ಕಿತೇ ಅಂದರೆ, ಮಗನನ್ನು ಕಳೆದುಕೊಂಡ ತಾಯಂದಿರಲ್ಲಿ ಇಲ್ಲ ಅನ್ನುವವರೇ ಹಲವರು. ಕ್ಷಮಾದಾನ ಸಿಗದ ಎಷ್ಟೋ ಜನರ ಮೇಲೆ ಮುಂದೆ ಮೊಕದ್ದಮೆಯೂ ನಡೆಯಲಿಲ್ಲ. ಇದಕ್ಕೆ ನನ್ನ ಹತ್ತಿರ ಒಂದು ಗೆರೆಯ ಉತ್ತರ ಇಲ್ಲ.

ಅವರು ಸೋತದ್ದು ಎಲ್ಲಿ?

ಏಡ್ಸ್ ವಿಷಯದಲ್ಲಿ. ರೋಗ ಕಾಡ್ಗಿಚ್ಚಿನಂತೆ ಹಬ್ಬುತ್ತಿದ್ದಾಗ ಅಧ್ಯಕ್ಷರಾಗಿ ಮಾಡಬೇಕಾದಷ್ಟು ಮಾಡಲಿಲ್ಲ, ಮುಂದೆ ಅದನ್ನು ಒಪ್ಪಿಕೊಂಡರು. 2005ರಲ್ಲಿ ಮಗ ಮಕ್ಗಾಥೊ ತೀರಿಕೊಂಡಾಗ ಕಾರಣ ಏಡ್ಸ್ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ಮನೆಯ ಮಾನ ಅಂತ ನಮ್ಮಲ್ಲಿ ಎಷ್ಟು ಮುಚ್ಚಿಡುತ್ತೇವೆ ನೋಡಿ. ಜಮೀನು ಹಂಚಿಕೆಯಲ್ಲೂ ಸೋಲು. ಐದು ವರ್ಷದಲ್ಲಿ ಶೇಕಡಾ 30ರಷ್ಟು ಕೃಷಿಭೂಮಿ ಹಂಚುತ್ತೇವೆ ಅಂದಿದ್ದರು, ಅದರ ಹತ್ತಿರಕ್ಕೂ ಹೋಗಲಿಲ್ಲ. ವೋಟು ಬಂತು, ಸಂಪತ್ತು ಇದ್ದಲ್ಲೇ ಉಳಿಯಿತು ಅಂತ ಇವತ್ತಿನ ಅಲ್ಲಿನ ಯುವಕರು ಸಿಟ್ಟಾಗುವುದು ಸುಮ್ಮನೆ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ಎಲ್ಲ ರಾಜಕಾರಣಿಗಳಿಗಿಂತ ಮುಂದೆ. ಐದೇ ವರ್ಷ ಕುರ್ಚಿಯಲ್ಲಿದ್ದು 1999ರಲ್ಲಿ ತಾವಾಗಿಯೇ ಇಳಿದರು.

ಮೂರು ಮದುವೆಯಂತೆ?

ಹೌದು. ಎವೆಲಿನ್, ವಿನ್ನಿ, ಎಂಬತ್ತನೇ ಹುಟ್ಟುಹಬ್ಬದ ದಿನ ಗ್ರಾಸಾ ಮಶೆಲ್. ಒಟ್ಟು ಆರು ಮಕ್ಕಳು. ವಿನ್ನಿ ಬಗ್ಗೆ ಒಂದು ಮಾತು: ಇವರು ಒಳಗಿದ್ದಾಗ ಹೊರಗೆ ಅವರ ಹೆಸರನ್ನು ಜೀವಂತ ಇಟ್ಟವರು ವಿನ್ನಿ. ಒಂಟಿ ಸೆರೆ, ಗಡೀಪಾರು ಎಲ್ಲ ಕಂಡವರು. ಹದಿನಾಲ್ಕರ ಹುಡುಗ ಸ್ಟೊಂಪಿ ಸೈಪೈ ಕೊಲೆಯಾದ ಪ್ರಕರಣದಲ್ಲಿ 1991ರಲ್ಲಿ ಅಪಹರಣದ ಅಪರಾಧಿ ಅಂತ ತೀರ್ಪಾದದ್ದೂ ವಿನ್ನಿಗೇ. ಎರಡನ್ನೂ ಹೇಳಬೇಕು.

ಭಾರತಕ್ಕೂ ಕರ್ನಾಟಕಕ್ಕೂ ಏನು ನಂಟು?

ಭಾರತ 1946ರಲ್ಲೇ, ಸ್ವಾತಂತ್ರ್ಯ ಬರುವ ಮುಂಚೆಯೇ, ದಕ್ಷಿಣ ಆಫ್ರಿಕದ ಜೊತೆ ವ್ಯಾಪಾರ ನಿಲ್ಲಿಸಿತು. ಹಾಗೆ ಮಾಡಿದ ಮೊದಲ ದೇಶ ನಮ್ಮದು. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿದ್ದರೂ ಎದುರಾಳಿ ದಕ್ಷಿಣ ಆಫ್ರಿಕ ಅಂತ ಆಡದೆ ಕಪ್ಪನ್ನೇ ಬಿಟ್ಟುಕೊಟ್ಟೆವು. 1990ರಲ್ಲಿ ಭಾರತ ರತ್ನ ಕೊಟ್ಟೆವು. ಭಾರತದ ಪ್ರಜೆಗಳಲ್ಲದವರಲ್ಲಿ ಅದು ಸಿಕ್ಕಿದ್ದು ಖಾನ್ ಅಬ್ದುಲ್ ಗಫಾರ್ ಖಾನ್ ಮತ್ತು ಮಂಡೇಲಾ ಇಬ್ಬರಿಗೇ.

ಕರ್ನಾಟಕದ ನಂಟು ಕ್ರಿಕೆಟ್ಟಿನದು. ದಕ್ಷಿಣ ಆಫ್ರಿಕದ ಮೇಲಿದ್ದ ಕ್ರೀಡಾ ನಿಷೇಧ ಮುಗಿದು ಭಾರತ ತಂಡ 1992ರಲ್ಲಿ ಮೊದಲ ಬಾರಿ ಅಲ್ಲಿಗೆ ಹೋದಾಗ ತಂಡದಲ್ಲಿ ನಮ್ಮ ಜಾವಗಲ್ ಶ್ರೀನಾಥ್, ಅನಿಲ್ ಕುಂಬ್ಳೆ ಇದ್ದರು. ಜೋಹಾನ್ಸ್‌ಬರ್ಗ್ ಟೆಸ್ಟಿನಲ್ಲಿ ಕುಂಬ್ಳೆ 53 ರನ್ನಿಗೆ 6 ವಿಕೆಟ್ ಕಿತ್ತದ್ದನ್ನು ನನ್ನ ಅಣ್ಣ ಈಗಲೂ ನೆನೆಸಿಕೊಳ್ಳುತ್ತಾನೆ. ಅಲ್ಲಿ ಆಗ ಕಪ್ಪು ಜನರಿಗೆ ಇನ್ನೂ ವೋಟೇ ಇರಲಿಲ್ಲ ಅಂತ ನಾನು ನೆನಪಿಸುತ್ತೇನೆ.

ಭಾಷಣಕ್ಕೆ ಅವರ ಒಳ್ಳೆಯ ಕೊಟೇಶನ್ ಕೊಡಿ ಮಿಸ್.

ನಮ್ಮ ಆಳದ ಭಯ ನಮ್ಮ ಕತ್ತಲೆಯಲ್ಲ, ನಮ್ಮ ಬೆಳಕು ಅಂತ ಒಂದು ಸಾಲು ಮಂಡೇಲಾ ಫೋಟೋದ ಜೊತೆ ಓಡಾಡುತ್ತದೆ. ಅದು ಅವರದಲ್ಲ, ಅಮೆರಿಕದ ಲೇಖಕಿಯೊಬ್ಬರದು. ಪ್ರಮಾಣವಚನದ ಭಾಷಣದಲ್ಲಿ ಅದು ಇಲ್ಲವೇ ಇಲ್ಲ. ಕೊಟೇಶನ್ ಬಿಡಿ, ಪ್ಯಾಂಟಿನಿಂದ ಶುರು ಮಾಡಿ ಅನ್ನುತ್ತೇನೆ. ಅಪ್ಪ ಕತ್ತರಿಸಿಕೊಟ್ಟ ಪ್ಯಾಂಟಿನಿಂದ ಜೈಲಿನಲ್ಲಿ ವಾಪಸ್ ಕಳಿಸಿದ ಪ್ಯಾಂಟಿಗೆ ಬನ್ನಿ, ಐದು ನಿಮಿಷ ತಾನಾಗಿ ತುಂಬುತ್ತದೆ.

ಹೋದ ವರ್ಷ ಎಂಟನೇ ತರಗತಿಯ ಹುಡುಗಿಯೊಬ್ಬಳು ಹಾಗೇ ಮಾಡಿದಳು. ವೇದಿಕೆ ಹತ್ತಿ ನಮಸ್ಕಾರ ಹೇಳಿ, "ಒಬ್ಬ ಹುಡುಗ, ಅವರಪ್ಪನ ಪ್ಯಾಂಟು, ಸೊಂಟಕ್ಕೆ ಒಂದು ದಾರ" ಅಂತ ಶುರು ಮಾಡಿದಳು. ಸಭೆ ನಕ್ಕಿತು, ಆಮೇಲೆ ಸುಮ್ಮನಾಯಿತು. ಎರಡನೇ ಬಹುಮಾನ ಬಂತು. ಮೊದಲನೆಯದು ಬಿಳಿಗೂದಲಿನ ತಾತನಿಗೇ ಹೋಯಿತು.